ಕೋಣೆಯ ಬಿಸಿಗೇ ಕರಗಿರುವ ಉಪ್ಪು

ಕೇಳುಗರಿಗೆ ನಮಸ್ಕಾರ. ಅಡುಗೆ ಉಪ್ಪನ್ನು ಕರಗಿಸಬೇಕಾದರೆ 801 ಡಿಗ್ರಿ ಸೆಲ್ಸಿಯಸ್ ಬಿಸಿ ಬೇಕು. ನೂರು ಡಿಗ್ರಿಯೊಳಗೇ ಕರಗುವ ಲವಣಗಳೂ ಇವೆ. ಅವೇ ಅಯಾನಿಕ ದ್ರವಗಳು. 1914ರಲ್ಲಿ ಪಾಲ್ ವಾಲ್ಡೆನ್ ವರದಿ ಮಾಡಿದ ಈಥೈಲ್ ಅಮೋನಿಯಂ ನೈಟ್ರೇಟ್ ಸುಮಾರು 12 ಡಿಗ್ರಿಗೇ ಕರಗುತ್ತದೆ.

ಇಂದು ಬ್ಯುಟೈಲ್ ಮೀಥೈಲ್ ಇಮಿಡಜೋಲಿಯಂ ಬಿಸ್ಟ್ರೈಫ್ಲಿಮೈಡ್ ಎಂಬ ಅಯಾನಿಕ ದ್ರವ ತಯಾರಿಸುವುದನ್ನು ನೋಡೋಣ. ಹೆಸರು ಮಾರುದ್ದ, ಕೆಲಸ ಎರಡೇ ಹಂತದ್ದು.

ಮೀಥೈಲ್ ಇಮಿಡಜೋಲ್ 8.2 ಗ್ರಾಂ ತೆಗೆದುಕೊಳ್ಳಿ. ಅದು ಹಳದಿಗೆ ತಿರುಗಿದ್ದರೆ ಮೊದಲು ಬಟ್ಟಿ ಇಳಿಸಿ. ಇಲ್ಲವಾದರೆ ಆ ಬಣ್ಣ ಕೊನೆಯವರೆಗೂ ಬೆನ್ನು ಬಿಡದು. ಪ್ರಯೋಗಾಲಯದ ಹೊಗೆಗೂಡಿನೊಳಗೆ (ಫ್ಯೂಮ್ ಹುಡ್), ನೈಟ್ರೋಜನ್ ಹರಿಸುತ್ತಾ, ಬ್ರೋಮೋಬ್ಯುಟೇನ್ 15 ಗ್ರಾಂ ತೊಟ್ಟು ತೊಟ್ಟಾಗಿ ಬಿಡಿ. ಒಮ್ಮೆಲೇ ಸುರಿದರೆ ಕ್ರಿಯೆಯ ಶಾಖ ಕೈಮೀರಿ ಮಿಶ್ರಣ ಕಂದಾಗುತ್ತದೆ. 70 ಡಿಗ್ರಿಯಲ್ಲಿ ಒಂದು ದಿನ ಕಲಕಿ, ಈಥೈಲ್ ಅಸಿಟೇಟಿನಲ್ಲಿ ಮೂರು ಸಲ ತೊಳೆಯಿರಿ. ಉಳಿಯುವುದು ಬ್ರೋಮೈಡ್ ಲವಣ.

ಅದನ್ನು ನೀರಿನಲ್ಲಿ ಕರಗಿಸಿ, ಲಿಥಿಯಂ ಬಿಸ್ಟ್ರೈಫ್ಲಿಮೈಡ್ 30 ಗ್ರಾಮಿನ ದ್ರಾವಣ ಬೆರೆಸಿದರೆ ಮೊದಲು ಹಾಲಿನಂತೆ ಕದಡಿ, ಆಮೇಲೆ ಎರಡು ಪದರ ನಿಲ್ಲುತ್ತದೆ. ನಮ್ಮದು ಕೆಳಗಿನದು, ಸಾಂದ್ರತೆ ನೀರಿನ 1.44 ಪಟ್ಟು ಇರುವುದರಿಂದ. ಮೇಲಿನ ನೀರು ಬಸಿದು, ಹೊಸ ನೀರಿನಲ್ಲಿ ಮತ್ತೆ ಮತ್ತೆ ತೊಳೆಯಿರಿ. ತೊಳೆದ ನೀರಿಗೆ ಒಂದು ಹನಿ ನೈಟ್ರಿಕ್ ಆಮ್ಲ, ಒಂದು ಹನಿ ಸಿಲ್ವರ್ ನೈಟ್ರೇಟ್: ತಿಳಿ ಹಳದಿ ಮಸುಕು ಕಂಡರೆ ಬ್ರೋಮೈಡ್ ಇನ್ನೂ ಇದೆ, ತೊಳೆಯುವುದು ಮುಗಿದಿಲ್ಲ. ಕೊನೆಗೆ 70 ಡಿಗ್ರಿಯಲ್ಲಿ, ಕಲಕುತ್ತಲೇ, ಒಂದು ದಿನ ನಿರ್ವಾತದಲ್ಲಿ ಒಣಗಿಸಿ. ಎಲ್ಲ ಕೈಗೂಡಿದರೂ 42 ಗ್ರಾಂ ದಾಟುವುದಿಲ್ಲ. ದಾಟಿದರೆ ಒಳಗೆ ನೀರೋ ದ್ರಾವಕವೋ ಉಳಿದಿದೆ ಎಂದರ್ಥ.

ಅಳತೆಯಲ್ಲಿ ಎಡವುವುದು ಇಲ್ಲೇ. 25 ಡಿಗ್ರಿಯಲ್ಲಿ ಇದರ ಸ್ನಿಗ್ಧತೆ, ಅಂದರೆ ಹರಿಯಲು ಒಡ್ಡುವ ತಡೆ, ಸುಮಾರು 50 ಮಿಲಿಪಾಸ್ಕಲ್ ಸೆಕೆಂಡು. ಉಳಿದ ಹ್ಯಾಲೈಡ್ (ಇಲ್ಲಿ ಬ್ರೋಮೈಡ್) ಅದನ್ನು ಏರಿಸುತ್ತದೆ, ಹೀರಿದ ನೀರು ಇಳಿಸುತ್ತದೆ. ಎರಡೂ ತಪ್ಪು ಒಟ್ಟಿಗಿದ್ದರೆ ಸಂಖ್ಯೆ ಸರಿಯಾಗಿಯೇ ಕಾಣಬಹುದು! ನೀರಿಗೆ ಬೆರೆಯದ ದ್ರವ ಇದು, ಆದರೂ ಗಾಳಿಯ ತೇವ ಹೀರುತ್ತದೆ; ಕರಾವಳಿಯ ಮಳೆಗಾಲದಲ್ಲಿ ಬಾಟಲಿಯ ಮುಚ್ಚಳ ತೆರೆದಿಡುವಂತೆಯೇ ಇಲ್ಲ. ಆದ್ದರಿಂದ ಕಾರ್ಲ್ ಫಿಶರ್ ವಿಧಾನದಲ್ಲಿ ನೀರಿನ ಅಂಶ ಅಳೆದು, ಸ್ನಿಗ್ಧತೆಯ ಪಕ್ಕದಲ್ಲೇ ಬರೆಯಿರಿ. ಉಷ್ಣತೆ ಒಂದೆರಡು ಡಿಗ್ರಿ ಆಚೀಚೆ ಆದರೂ ಸ್ನಿಗ್ಧತೆ ಎದ್ದು ಕಾಣುವಷ್ಟು ಬದಲಾಗುತ್ತದೆ.

ಉಷ್ಣ ಸ್ಥಿರತೆಯ ಮಾತಿಗೂ ಎಚ್ಚರ ಬೇಕು. ನಿಮಿಷಕ್ಕೆ 10 ಡಿಗ್ರಿಯಂತೆ ಕಾಯಿಸಿದರೆ 400 ಡಿಗ್ರಿಯವರೆಗೂ ತೂಕ ಹೆಚ್ಚು ಇಳಿಯದೆ ನಿಂತಂತೆ ತೋರುತ್ತದೆ. ಅದಕ್ಕಿಂತ ಬಹಳ ಕಡಿಮೆ ಬಿಸಿಯಲ್ಲೇ ಗಂಟೆಗಟ್ಟಲೆ ಇಟ್ಟು ನೋಡಿ, ತೂಕ ಮೆಲ್ಲಗೆ ಕರಗುತ್ತಿರುತ್ತದೆ.