ರಕ್ತನಾಳದ ಉರಿಯೂತ: ಮೊದಲು ತಣಿಸಬೇಕಾದುದು ಯಾವುದನ್ನು?

ಕೇಳುಗರೆಲ್ಲರಿಗೂ ನಮಸ್ಕಾರ. ಬೆಹ್ಚೆಟ್ ಎಂಬ ವಿರಳ ಕಾಯಿಲೆ ರಕ್ತನಾಳಗಳಿಗೆ ತಗುಲಿದಾಗ ನೀಡಬೇಕಾದ ಚಿಕಿತ್ಸೆಯ ಕುರಿತು ನಾನು ಇಂದು ಹೇಳಬೇಕಾದ ಮಾತು ಒಂದೇ. ಈ ಕಾಯಿಲೆಯಲ್ಲಿ ರಕ್ತ ಹೆಪ್ಪುಗಟ್ಟುವುದು ನಾಳದ ಗೋಡೆಯಲ್ಲಿರುವ ಉರಿಯೂತದಿಂದ. ಆದ್ದರಿಂದ ಮೊದಲು ತಣಿಸಬೇಕಾದುದು ಆ ಉರಿಯೂತವನ್ನೇ.

ಬಾಯಿಹುಣ್ಣು, ಜನನಾಂಗದ ಹುಣ್ಣು ಮತ್ತು ಕಣ್ಣಿನ ಉರಿಯೂತ ಒಬ್ಬರಲ್ಲೇ ಮರುಕಳಿಸುವುದನ್ನು ಟರ್ಕಿಯ ಚರ್ಮರೋಗ ತಜ್ಞ ಹುಲೂಸಿ ಬೆಹ್ಚೆಟ್ 1937ರಲ್ಲಿ ಒಂದೇ ಕಾಯಿಲೆಯೆಂದು ವಿವರಿಸಿದರು. ಇದು ಹೃದಯಕ್ಕೆ ರಕ್ತ ಮರಳಿಸುವ ಅಭಿಧಮನಿ, ಹೃದಯದಿಂದ ರಕ್ತ ಒಯ್ಯುವ ಅಪಧಮನಿಗಳೆರಡನ್ನೂ ಕಾಡುತ್ತದೆ. ಯುವಕರಲ್ಲಿ ಹೆಚ್ಚು ಉಗ್ರವಾಗಿರುತ್ತದೆ.

ನನ್ನ ವಿದ್ಯಾರ್ಥಿಗಳಿಗೆ ನಾನು ತಪ್ಪದೆ ಹೇಳುವ ಒಬ್ಬ ಯುವಕನ ಸಂಗತಿಯಿದೆ. ಅವನ ಕಾಲು ಊದಿಕೊಂಡಿತ್ತು. ತೊಡೆಯ ಅಭಿಧಮನಿಯಲ್ಲಿ ರಕ್ತ ಹೆಪ್ಪುಗಟ್ಟಿದೆಯೆಂದು ಬೇರೆಡೆ ಪತ್ತೆಯಾಗಿ, ಹೆಪ್ಪು ತಡೆಯುವ ಮಾತ್ರೆಗಳನ್ನಷ್ಟೇ ಕೊಟ್ಟಿದ್ದರು. ಅವನು ಮಾತ್ರೆಗಳನ್ನು ಶ್ರದ್ಧೆಯಿಂದ ನುಂಗುತ್ತಿದ್ದರೂ ಇನ್ನೊಂದು ಕಾಲು ಊದಿತು. ಕೆಲವು ತಿಂಗಳ ನಂತರ ಕೆಮ್ಮಿದಾಗ ರಕ್ತ ಬಂತು. ನಮ್ಮಲ್ಲಿಗೆ ಬಂದಾಗ ಬಾಯಿಹುಣ್ಣಿನ ಬಗ್ಗೆ ಕೇಳಿದೆವು. 'ಅದು ಚಿಕ್ಕಂದಿನಿಂದಲೂ ಬರುತ್ತದೆ ಡಾಕ್ಟರೇ, ಯಾರೂ ಕೇಳಲಿಲ್ಲ, ನಾನೂ ಹೇಳಲಿಲ್ಲ' ಎಂದ. ಸಿ.ಟಿ. ಸ್ಕ್ಯಾನಿನಲ್ಲಿ ಶ್ವಾಸಕೋಶಕ್ಕೆ ರಕ್ತ ಒಯ್ಯುವ ಅಪಧಮನಿ ಉಬ್ಬಿಕೊಂಡಿರುವುದು ಕಂಡಿತು. ಇಂಥ ಉಬ್ಬು ಒಡೆದರೆ ಪ್ರಾಣಕ್ಕೇ ಅಪಾಯ. ಹೆಪ್ಪು ತಡೆಯುವ ಔಷಧ ಆ ರಕ್ತಸ್ರಾವವನ್ನು ಇನ್ನಷ್ಟು ಹೆಚ್ಚಿಸುತ್ತದೆ. ಆ ಔಷಧವನ್ನು ನಿಲ್ಲಿಸಿ, ಉರಿಯೂತ ತಗ್ಗಿಸುವ ಸ್ಟೀರಾಯ್ಡನ್ನು ಹೆಚ್ಚಿನ ಪ್ರಮಾಣದಲ್ಲಿ, ಜೊತೆಗೆ ರೋಗನಿರೋಧಕ ವ್ಯವಸ್ಥೆಯನ್ನು ಹತ್ತಿಕ್ಕುವ ಸೈಕ್ಲೋಫಾಸ್ಫಮೈಡ್ ಔಷಧವನ್ನು ಆರಂಭಿಸಿದೆವು. ತಿಂಗಳುಗಳು ಕಳೆದಂತೆ ಉಬ್ಬು ಕುಗ್ಗಿತು, ಕಾಲಿನ ಊತವೂ ಇಳಿಯಿತು. ಗೋಡೆಯ ಉರಿಯೂತ ತಗ್ಗಿದ್ದರಿಂದಲೇ ಇದು ಸಾಧ್ಯವಾಯಿತೆಂಬುದನ್ನು ದಯವಿಟ್ಟು ಗಮನಿಸಿ.

ಕಾಲಿನ ಹೆಪ್ಪು ಕಂಡೊಡನೆ ಹೆಪ್ಪು ತಡೆಯುವ ಮಾತ್ರೆ ಬರೆದು ಕಳುಹಿಸುವ ಅಭ್ಯಾಸ ಈ ಕಾಯಿಲೆಗೆ ಸಾಲದೆಂದು ಎಷ್ಟು ಸಲ ಹೇಳಿದರೂ ಕಡಿಮೆಯೇ. ಇಲ್ಲಿ ಹೆಪ್ಪು ಉರಿಯೂತವಿರುವ ಗೋಡೆಗೆ ಬಿಗಿಯಾಗಿ ಅಂಟಿಕೊಂಡಿರುವುದರಿಂದ ಅದು ಕಳಚಿ ಶ್ವಾಸಕೋಶಕ್ಕೆ ಹೋಗುವುದು ಅಪರೂಪ. ಸ್ಟೀರಾಯ್ಡ್ ಮತ್ತು ರೋಗನಿರೋಧಕ ವ್ಯವಸ್ಥೆಯನ್ನು ಹತ್ತಿಕ್ಕುವ ಅಜಥಯೋಪ್ರಿನ್‌ನಂಥ ಔಷಧಗಳೇ ಚಿಕಿತ್ಸೆಯ ತಳಹದಿ. ಅಪಧಮನಿಯಲ್ಲಿ ಉಬ್ಬಿಲ್ಲವೆಂದು ಖಚಿತಪಡಿಸಿಕೊಂಡ ಮೇಲೆಯೇ ಹೆಪ್ಪು ತಡೆಯುವ ಮಾತ್ರೆಯನ್ನು ಸೇರಿಸುವ ಯೋಚನೆ.

ಸಮಯ ಕಡಿಮೆಯಿದೆ, ಶಸ್ತ್ರಚಿಕಿತ್ಸೆಯ ಬಗ್ಗೆ ಚುಟುಕಾಗಿ ಹೇಳಿಬಿಡುತ್ತೇನೆ. ಉರಿಯೂತ ಆರದಿರುವ ನಾಳಕ್ಕೆ ಹೊಲಿಗೆ ಹಾಕಿದರೆ ಹೊಲಿಗೆಯ ಜಾಗದಲ್ಲೇ ಮತ್ತೊಂದು ಉಬ್ಬು ಏಳಬಹುದು. ಹಾಗಾಗಿ ಶಸ್ತ್ರಚಿಕಿತ್ಸೆಯ ಮುಂಚೆಯೂ ನಂತರವೂ ಉರಿಯೂತದ ಔಷಧ ಬೇಕೇ ಬೇಕು.

ಪದೇ ಪದೇ ಬಾಯಿಹುಣ್ಣಾಗುವವರು ಕಾಲು ಊದಿಕೊಂಡಾಗ ವೈದ್ಯರಿಗೆ ಎರಡನ್ನೂ ಒಟ್ಟಿಗೆ ಹೇಳಿ. ಕೆಮ್ಮಿನಲ್ಲಿ ರಕ್ತ ಕಂಡರೆ ಆ ಕ್ಷಣವೇ ಆಸ್ಪತ್ರೆಗೆ ಹೋಗಿ. ಊತ ಇಳಿಯಿತೆಂದು ಔಷಧವನ್ನು ನೀವಾಗಿಯೇ ನಿಲ್ಲಿಸಬೇಡಿ. ನಮಸ್ಕಾರ.