ಕಥೆ ನಿಜವೇ ಇರಬಹುದು, ಖಾತೆ ಯಾರದು?

ಎಲ್ಲರಿಗೂ ನಮಸ್ಕಾರ.

ನಾನು ಬ್ಯಾಂಕಿನಲ್ಲಿ ಕೆಲಸ ಮಾಡಿ ನಿವೃತ್ತನಾದವನು. ಹಾಗಾಗಿ ಇಂದಿನ ಮಾತು ಕಂಪ್ಯೂಟರಿಗಿಂತ ಹೆಚ್ಚಾಗಿ ಪಾಸ್‌ಬುಕ್ಕಿನ ಕಡೆಗೇ ವಾಲುತ್ತದೆ, ಸಹಿಸಿಕೊಳ್ಳಿ.

ಸಂಶಯಾಸ್ಪದ ಸಂದೇಶಗಳನ್ನು ಗುರುತಿಸುವ ಬಗೆಯನ್ನು ಕುರಿತು ಮಾತನಾಡಬೇಕೆಂದು ಸಂಘಟಕರು ಹೇಳಿದ್ದಾರೆ. ಇಂಥ ಸಭೆಗಳಲ್ಲಿ ಒಪ್ಪಿಸುವ ಪಟ್ಟಿ ನಿಮಗೆಲ್ಲ ಬಾಯಿಪಾಠವಾಗಿದೆ. ಕಾಗುಣಿತದ ತಪ್ಪು ಕಂಡರೆ ಅನುಮಾನಿಸಿ, ಅವಸರಪಡಿಸಿದರೆ ಹಿಂದೆ ಸರಿಯಿರಿ, ಅಪರಿಚಿತರು ಕಳುಹಿಸಿದ ಲಿಂಕ್ ಒತ್ತಬೇಡಿ. ಲಾಟರಿ ಹೊಡೆದಿದೆ, ಕೆವೈಸಿ ಮುಗಿದಿದೆ, ವಾಹನದ ದಂಡ ಬಾಕಿಯಿದೆ ಎನ್ನುವ ಸಂದೇಶಗಳಿಗೆ ಆ ಪಟ್ಟಿ ಸಾಕು. ಸಹಾಯ ಕೇಳಿ ಬರುವ ಸಂದೇಶದ ಮುಂದೆ ಮಾತ್ರ ಅದು ಕೈಕೊಡುತ್ತದೆ. ಮಗುವನ್ನು ಐಸಿಯುನಲ್ಲಿ ಮಲಗಿಸಿ ಹೊರಗೆ ಕುಳಿತ ತಂದೆಯೂ ಅವಸರಪಡಿಸುತ್ತಾನೆ. ಅವನ ಕಾಗುಣಿತವೂ ತಪ್ಪಿರುತ್ತದೆ. ಅವನೂ ನಮಗೆ ಅಪರಿಚಿತನೇ.

ಹಾಗಾದರೆ ನೋಡಬೇಕಾದದ್ದು ಏನನ್ನು? ಊರ ಜಾತ್ರೆಗೆ ಚಂದಾ ಎತ್ತಲು ಬರುವವರನ್ನು ನೆನಪಿಸಿಕೊಳ್ಳಿ. ಅವರ ಭಕ್ತಿ ಎಷ್ಟು ಎಂದು ನಾವು ಯಾರೂ ಅಳೆಯಲು ಹೋಗುವುದಿಲ್ಲ. ಕೈಯಲ್ಲಿ ರಸೀದಿ ಪುಸ್ತಕ ಇದೆಯೇ, ಅದರ ಮೇಲೆ ಸಮಿತಿಯ ಹೆಸರಿದೆಯೇ, ಈ ವರ್ಷ ಖಜಾಂಚಿ ಯಾರು ಎಂದು ಕೇಳುತ್ತೇವೆ. ಜಾತ್ರೆ ಮುಗಿದ ಮೇಲೆ ದೇವಸ್ಥಾನದ ಗೋಡೆಯ ಮೇಲೆ ದಾನಿಗಳ ಪಟ್ಟಿ ಹಾಕದಿದ್ದರೆ ಜಗಳವನ್ನೂ ಆಡುತ್ತೇವೆ. ನೂರು ರೂಪಾಯಿ ಚಂದಾಕ್ಕೆ ಇಷ್ಟೆಲ್ಲ ವಿಚಾರಿಸುವ ನಾವೇ ಮೊಬೈಲಿನಲ್ಲಿ ಬಂದ ಕ್ಯೂಆರ್ ಕೋಡಿಗೆ ಎರಡು ಸಾವಿರ ಹಾಕುವಾಗ ರಸೀದಿಯ ಪ್ರಶ್ನೆಯನ್ನೇ ಎತ್ತುವುದಿಲ್ಲ. ಕಥೆ ಓದಿ ಕರುಳು ಚುರುಕ್ಕೆಂದಿರುತ್ತದೆ, ಬೆರಳು ಪಿನ್ ಒತ್ತಿಬಿಟ್ಟಿರುತ್ತದೆ.

ಕೇಳಿದ ಮೊತ್ತ ವಿಪರೀತವಾಗಿದ್ದರೆ ಮೋಸ ಎನ್ನುವವರಿದ್ದಾರೆ. ಅದೂ ಸರಿಯಲ್ಲ. ಮಕ್ಕಳ ಸ್ನಾಯುಗಳನ್ನು ಕುಗ್ಗಿಸುವ ಸ್ಪೈನಲ್ ಮಸ್ಕ್ಯುಲರ್ ಅಟ್ರೋಫಿ ಎಂಬ ಕಾಯಿಲೆಗೆ ಝೋಲ್‌ಗೆನ್ಸ್ಮಾ ಎಂಬ ಚುಚ್ಚುಮದ್ದು ಇದೆ. ಒಂದು ಡೋಸಿಗೆ ಸುಮಾರು 16 ಕೋಟಿ ರೂಪಾಯಿ. ಮೊದಲ ಸಲ ಕೇಳಿದವರು ನಗುತ್ತಾರೆ. ಆದರೆ ನಮ್ಮ ದೇಶದಲ್ಲಿ ಕೆಲವು ಕುಟುಂಬಗಳು ಸಾರ್ವಜನಿಕರಿಂದ ದೇಣಿಗೆ ಕೂಡಿಸಿ ಆ ಮದ್ದನ್ನು ಮಕ್ಕಳಿಗೆ ಕೊಡಿಸಿವೆ. ಮೋಸಗಾರರು ಕದಿಯುವುದು ಇಂಥ ನಿಜವಾದ ಮನವಿಗಳನ್ನೇ. ಫೋಟೊ ನಿಜ, ಕಾಯಿಲೆ ನಿಜ, ಆಸ್ಪತ್ರೆ ನಿಜ. ಕೆಳಗಿನ ಖಾತೆ ಸಂಖ್ಯೆ ಮಾತ್ರ ಬೇರೆ. ಕಥೆಯನ್ನು ಎಷ್ಟು ಕೆದಕಿದರೂ ಅಲ್ಲಿ ಸುಳ್ಳು ಸಿಗುವುದಿಲ್ಲ.

ಕಥೆ ನೋಡಿ ಮರುಳಾಗುವುದು ನಮ್ಮವರ ದೌರ್ಬಲ್ಯ ಮಾತ್ರ ಎಂದುಕೊಳ್ಳಬೇಡಿ. 2017ರ ನವೆಂಬರ್‌ನಲ್ಲಿ ಅಮೆರಿಕದ ನ್ಯೂಜೆರ್ಸಿಯ ಒಂದು ಜೋಡಿ ದೇಣಿಗೆ ಕೂಡಿಸುವ ಗೋಫಂಡ್‌ಮಿ ಜಾಲತಾಣದಲ್ಲಿ ಒಂದು ಮನವಿ ಹಾಕಿತು. ಯುವತಿಯ ಕಾರು ಫಿಲಡೆಲ್ಫಿಯಾದಲ್ಲಿ ಪೆಟ್ರೋಲ್ ಮುಗಿದು ನಿಂತಿತಂತೆ. ರಸ್ತೆ ಬದಿಯಲ್ಲಿ ಬದುಕುತ್ತಿದ್ದ ಮಾಜಿ ಸೈನಿಕನೊಬ್ಬ ತನ್ನ ಬಳಿಯಿದ್ದ ಕೊನೆಯ 20 ಡಾಲರ್ ಕೊಟ್ಟು ಪೆಟ್ರೋಲ್ ತಂದುಕೊಟ್ಟನಂತೆ. ಅವನಿಗೊಂದು ಸೂರು ಮಾಡಿಕೊಡೋಣ, 10,000 ಡಾಲರ್ ಬೇಕು ಎಂಬುದು ಕೋರಿಕೆ. ಸುಮಾರು 14,000 ಜನ ಕೊಟ್ಟರು. ಬಂದದ್ದು 4 ಲಕ್ಷ ಡಾಲರಿಗೂ ಹೆಚ್ಚು. ಮುಂದೆ ತನಗೆ ಹಣ ಸರಿಯಾಗಿ ತಲುಪಿಲ್ಲವೆಂದು ಆ ಮಾಜಿ ಸೈನಿಕನೇ ದಾವೆ ಹೂಡಿದಾಗ ಬಣ್ಣ ಬಯಲಾಯಿತು. ಹಣದಲ್ಲಿ ಜೋಡಿ ಬಿಎಂಡಬ್ಲ್ಯು ಕಾರು ಕೊಂಡಿತ್ತು, ಕ್ಯಾಸಿನೊಗಳಲ್ಲಿ ಉಡಾಯಿಸಿತ್ತು. ತಮಾಷೆಯೆಂದರೆ ಕಥೆ ಕಟ್ಟುವುದರಲ್ಲಿ ಆ ಮಾಜಿ ಸೈನಿಕನದೂ ಪಾಲಿತ್ತು, ಮೂವರೂ ತಪ್ಪೊಪ್ಪಿಕೊಂಡರು. ಗೋಫಂಡ್‌ಮಿ ದಾನಿಗಳಿಗೆ ಹಣ ಹಿಂದಿರುಗಿಸಿತು.

ಈ ಪ್ರಕರಣದಲ್ಲಿ ನನಗೆ ಬಹಳ ಮುಖ್ಯವೆನಿಸಿದ್ದು ಒಂದು ಮೊಬೈಲ್ ಸಂದೇಶ. ಮನವಿ ಹಾಕಿ ಒಂದು ಗಂಟೆಯೂ ಕಳೆದಿರಲಿಲ್ಲ, ಆಗಲೇ ಆ ಯುವತಿ ಪರಿಚಯದವರೊಬ್ಬರಿಗೆ ಬರೆದಿದ್ದಳು: ಪೆಟ್ರೋಲಿನ ಭಾಗ ಪೂರ್ತಿ ಕಟ್ಟುಕಥೆ, ಆ ಮನುಷ್ಯ ಮಾತ್ರ ನಿಜ ಎಂಬರ್ಥದಲ್ಲಿ. ಪ್ರಾಸಿಕ್ಯೂಷನ್ ಕೈಗೆ ಸಿಕ್ಕ ದೊಡ್ಡ ಪುರಾವೆಗಳಲ್ಲಿ ಇದೂ ಒಂದು. ಯಾವ ದಾನಿ ಅದನ್ನು ಊಹಿಸಲು ಸಾಧ್ಯವಿತ್ತು? ಮನುಷ್ಯ ಎದುರಿಗಿದ್ದ, ಫೋಟೊ ಇತ್ತು, ಪತ್ರಿಕೆ ಮತ್ತು ಟಿವಿಯಲ್ಲೂ ಬಂದಿತ್ತು. ಆದರೆ ಹಣ ಹೋದದ್ದು ನೆರವು ಬೇಕಾದವನ ಖಾತೆಗಲ್ಲ, ಮನವಿ ಹಾಕಿದವರ ಖಾತೆಗೆ. ಕೇಳಬಹುದಾಗಿದ್ದ ಪ್ರಶ್ನೆ ಅದೊಂದೇ.

ಈಗ ನಮ್ಮಲ್ಲಿಗೆ ಬರೋಣ. 2020ರ ಮಾರ್ಚ್ 28ರಂದು ಪಿಎಂ ಕೇರ್ಸ್ ನಿಧಿಯ ಘೋಷಣೆಯಾಯಿತು. ಅದರ ಯುಪಿಐ ವಿಳಾಸ ‘ಪಿಎಂಕೇರ್ಸ್’ ಎಂದು ಶುರುವಾಗಿ ‘ಎಸ್‌ಬಿಐ’ ಎಂದು ಮುಗಿಯುತ್ತಿತ್ತು. ಜನ ಕೊಡಲು ಮುಗಿಬಿದ್ದ ಆ ಹೊತ್ತಿನಲ್ಲೇ ‘ಪಿಎಂಕೇರ್’ ಎಂದು ಶುರುವಾಗಿ ‘ಎಸ್‌ಬಿಐ’ ಎಂದೇ ಮುಗಿಯುವ ಇನ್ನೊಂದು ವಿಳಾಸ ಹರಿದಾಡಿತು. ವ್ಯತ್ಯಾಸ ಒಂದು ‘ಎಸ್’ ಅಕ್ಷರದ್ದು. ಕೇಂದ್ರ ಸರ್ಕಾರದ ವಾರ್ತಾ ಸಂಸ್ಥೆ ಪಿಐಬಿ ಎಚ್ಚರಿಕೆ ನೀಡಿತು, ಆ ವಿಳಾಸವನ್ನು ತಡೆಹಿಡಿಯಲಾಯಿತು. ಕೊಟ್ಟವರ ಉದ್ದೇಶದಲ್ಲಿ, ಓದಿದ ಕಥೆಯಲ್ಲಿ ಎಳ್ಳಷ್ಟೂ ದೋಷವಿರಲಿಲ್ಲ. 2024ರ ಜುಲೈನಲ್ಲಿ ವಯನಾಡಿನ ಭೂಕುಸಿತದ ನಂತರವೂ ಇದೇ ಅಂಜಿಕೆ. ದುರ್ಬಳಕೆಯಾದೀತೆಂದು ಕೇರಳ ಸರ್ಕಾರ ಮುಖ್ಯಮಂತ್ರಿಗಳ ಪರಿಹಾರ ನಿಧಿಯ ಕ್ಯೂಆರ್ ಕೋಡನ್ನೇ ಹಿಂದಕ್ಕೆ ಪಡೆಯಿತು. ಕ್ಯೂಆರ್ ಕೋಡ್ ನಮ್ಮ ಕಣ್ಣಿಗೆ ಬರೀ ಚುಕ್ಕಿಗಳ ಚೌಕ. ಅದರ ಹಿಂದೆ ಯಾವ ಖಾತೆಯಿದೆ ಎಂಬುದು ಸ್ಕ್ಯಾನ್ ಮಾಡುವವರೆಗೆ ತಿಳಿಯದು.

ಹಾಗಾಗಿ ಸ್ಕ್ಯಾನ್ ಮಾಡಿದ ಮೇಲೆ, ಪಿನ್ ಒತ್ತುವ ಮೊದಲು ಪರದೆಯ ಮೇಲೆ ಕಾಣುವ ಹೆಸರನ್ನು ಓದಿ. ಬ್ಯಾಂಕಿನಲ್ಲಿ ದಾಖಲಾದ ಹೆಸರು ಅಲ್ಲಿ ಬರುತ್ತದೆ. ಟ್ರಸ್ಟಿನ ಮನವಿಗೆ ವ್ಯಕ್ತಿಯೊಬ್ಬರ ಹೆಸರು ಬಂದರೆ, ಮಂಡ್ಯದ ಮಗುವಿಗೆಂದು ಕೇಳಿದ ಹಣಕ್ಕೆ ಇನ್ಯಾವುದೋ ರಾಜ್ಯದ ಮೊಬೈಲ್ ಅಂಗಡಿಯ ಹೆಸರು ಬಂದರೆ, ಅಲ್ಲಿಗೆ ಬಿಡಿ. ಅದು ಸಾಮಾನ್ಯವಾಗಿ ಬಾಡಿಗೆ ಖಾತೆ; ಪೊಲೀಸರು ಮ್ಯೂಲ್ ಖಾತೆ ಎನ್ನುತ್ತಾರೆ. ಕೆಲವು ಸಾವಿರ ರೂಪಾಯಿಯ ಆಸೆಗೆ ಕಾಲೇಜು ಹುಡುಗರು ತಮ್ಮ ಖಾತೆ, ಎಟಿಎಂ ಕಾರ್ಡ್, ಸಿಮ್ ಎಲ್ಲವನ್ನೂ ಯಾರಿಗೋ ಒಪ್ಪಿಸುತ್ತಾರೆ. ನಿಮ್ಮ ಮನೆಯ ಮಕ್ಕಳಿಗೆ ಇದನ್ನು ತಿಳಿಸಿ. ಪೊಲೀಸರು ಮೊದಲು ಹುಡುಕಿಕೊಂಡು ಬರುವುದು ಖಾತೆದಾರನ ಮನೆಗೆ.

ವಾಟ್ಸಾಪಿನಲ್ಲಿ ಬರುವಂಥ ಒಂದು ಸಂದೇಶವನ್ನು ಮಾದರಿಗಾಗಿ ನಾನೇ ಬರೆದುಕೊಂಡು ಬಂದಿದ್ದೇನೆ. ಓದುತ್ತೇನೆ: ‘ತುರ್ತು. ನಾಲ್ಕು ವರ್ಷದ ಮಗು. ಬೆಂಗಳೂರಿನ ದೊಡ್ಡ ಆಸ್ಪತ್ರೆಯಲ್ಲಿ ಜೀವನ್ಮರಣ ಹೋರಾಟ. ಇಂದು ಸಂಜೆಯೊಳಗೆ 3 ಲಕ್ಷ ಕಟ್ಟಬೇಕು. ನಿಮ್ಮ ಒಂದು ಶೇರ್ ಒಂದು ಜೀವ ಉಳಿಸುತ್ತದೆ.’ ಇದರಲ್ಲಿ ಇರುವುದಕ್ಕಿಂತ ಇಲ್ಲದಿರುವುದನ್ನು ನೋಡಿ. ‘ಇಂದು ಸಂಜೆ’ ಇದೆ, ತಾರೀಖು ಇಲ್ಲ. ತಾರೀಖು ಹಾಕಿದರೆ ನಾಳೆಗೆ ಸಂದೇಶ ಹಳಸುತ್ತದೆ. ಹಾಕದಿದ್ದರೆ ವರ್ಷಗಟ್ಟಲೆ ಪ್ರತಿದಿನವೂ ‘ಇಂದು ಸಂಜೆ’ಯೇ. ‘ದೊಡ್ಡ ಆಸ್ಪತ್ರೆ’ ಇದೆ, ಹೆಸರಿಲ್ಲ. ವೈದ್ಯರ ಹೆಸರಿಲ್ಲ, ಒಳರೋಗಿ ಸಂಖ್ಯೆಯಿಲ್ಲ. ನಿಜವಾಗಿ ಚಿಕಿತ್ಸೆ ನಡೆಯುತ್ತಿದ್ದರೆ ಆಸ್ಪತ್ರೆ ಅಂದಾಜು ವೆಚ್ಚದ ಪತ್ರ ಕೊಡುತ್ತದೆ. ಆ ಪತ್ರ ಬಂದರೂ ಅದರಲ್ಲಿರುವ ಫೋನ್ ಸಂಖ್ಯೆಯನ್ನು ನಂಬಬೇಡಿ. ಆಸ್ಪತ್ರೆಯ ಅಧಿಕೃತ ಜಾಲತಾಣದಿಂದ ಸಂಖ್ಯೆ ತೆಗೆದು ಬಿಲ್ಲಿಂಗ್ ವಿಭಾಗಕ್ಕೆ ಕರೆ ಮಾಡಿ, ರೋಗಿಯ ಲೆಕ್ಕಕ್ಕೆ ನೇರವಾಗಿ ಹಣ ಕಟ್ಟಬಹುದೇ ಎಂದು ಕೇಳಿ. ದೇಣಿಗೆ ಸಂಗ್ರಹಿಸುವ ಕೆಲವು ಜಾಲತಾಣಗಳೂ ಕೂಡಿದ ಹಣವನ್ನು ಆಸ್ಪತ್ರೆಗೇ ವರ್ಗಾಯಿಸುತ್ತವೆ. ನೇರವಾಗಿ ಆಸ್ಪತ್ರೆಗೆ ಕಟ್ಟುತ್ತೇನೆ ಎಂದಾಗ ನಿಜವಾದ ತಂದೆ ಕೈಮುಗಿಯುತ್ತಾನೆ. ಕಳ್ಳ ಬೇಡವೆನ್ನಲು ಹತ್ತು ನೆಪ ಹೇಳುತ್ತಾನೆ.

ಫೋಟೊಗಳ ಮಾತೂ ಬರಬೇಕು. 2023ರ ಫೆಬ್ರುವರಿಯಲ್ಲಿ ಟರ್ಕಿ ಮತ್ತು ಸಿರಿಯಾದಲ್ಲಿ ಭೂಕಂಪವಾದಾಗ, ಅಗ್ನಿಶಾಮಕ ಸಿಬ್ಬಂದಿಯೊಬ್ಬ ಅವಶೇಷಗಳ ನಡುವೆ ಮಗುವನ್ನು ಎತ್ತಿಕೊಂಡಿರುವ ಚಿತ್ರ ದೇಣಿಗೆಯ ಮನವಿಗಳ ಜೊತೆ ಓಡಾಡಿತು. ಅವನ ಬಲಗೈಯಲ್ಲಿ ಆರು ಬೆರಳಿದ್ದವು. ಕೃತಕ ಬುದ್ಧಿಮತ್ತೆ ಬರೆದ ಚಿತ್ರ ಅದು. ಈಗಿನ ಚಿತ್ರಗಳಲ್ಲಿ ಬೆರಳು ಐದೇ ಇರುತ್ತವೆ, ಆದ್ದರಿಂದ ಬೆರಳೆಣಿಸುವ ವಿದ್ಯೆಯನ್ನು ನೆಚ್ಚಿಕೊಂಡು ಕೂರಬೇಡಿ.

ಇಲ್ಲಿ ಒಬ್ಬರು ಕೇಳಬಹುದು: ಕೊಟ್ಟದ್ದು ಇನ್ನೂರು ರೂಪಾಯಿ, ಹೋದರೆ ಹೋಗಲಿ ಬಿಡಿ. ವಂಚಕ ಎಣಿಸಿರುವುದೂ ಅದನ್ನೇ. ಮೈಕ್ರೊಸಾಫ್ಟ್ ಸಂಸ್ಥೆಯ ಸಂಶೋಧಕ ಕಾರ್ಮಕ್ ಹರ್ಲಿ 2012ರಲ್ಲಿ ಒಂದು ಪ್ರಬಂಧ ಬರೆದರು. ನೈಜೀರಿಯಾದ ರಾಜಕುಮಾರನ ಆಸ್ತಿ ಎಂಬಂಥ ಹಾಸ್ಯಾಸ್ಪದ ಪತ್ರಗಳನ್ನು ವಂಚಕರು ಇನ್ನೂ ಏಕೆ ಕಳುಹಿಸುತ್ತಾರೆ ಎಂಬುದು ಪ್ರಶ್ನೆ. ಬುದ್ಧಿವಂತರು ಮೊದಲೇ ನಕ್ಕು ದೂರ ಸರಿಯಲಿ, ಪೂರ್ತಿ ನಂಬುವ ಕೆಲವರಷ್ಟೇ ಉಳಿಯಲಿ ಎಂಬ ಲೆಕ್ಕಾಚಾರ ಅಲ್ಲಿದೆ ಎಂದು ಅವರು ತೋರಿಸಿದರು. ಅಲ್ಲಿ ಒಬ್ಬೊಬ್ಬರ ಮೇಲೂ ವಾರಗಟ್ಟಲೆ ದುಡಿಯಬೇಕು. ದೇಣಿಗೆಯ ಮೋಸ ಇದಕ್ಕೆ ತದ್ವಿರುದ್ಧ. ಇಲ್ಲಿ ಸಂದೇಶ ಅಚ್ಚುಕಟ್ಟಾಗಿರಬೇಕು, ಎಲ್ಲರೂ ನಂಬುವಂತಿರಬೇಕು, ಕೇಳುವ ಮೊತ್ತ ಸಣ್ಣದಿರಬೇಕು. ಹನಿಹನಿ ಕೂಡಿದರೆ ಹಳ್ಳ ಎಂಬ ಗಾದೆಯನ್ನು ನಮಗಿಂತ ಅವರು ಚೆನ್ನಾಗಿ ಓದಿಕೊಂಡಿದ್ದಾರೆ. ಇನ್ನೂರು ರೂಪಾಯಿಗೆ ಯಾರೂ ಠಾಣೆಯ ಮೆಟ್ಟಿಲು ಹತ್ತುವುದಿಲ್ಲ.

ತೆರಿಗೆ ವಿನಾಯಿತಿಯ ಆಮಿಷವೂ ಒಂದು ಸುಳಿವು. ಒಬ್ಬ ವ್ಯಕ್ತಿಯ ಖಾತೆಗೆ ನೇರವಾಗಿ ಹಾಕಿದ ಹಣಕ್ಕೆ ದೇಣಿಗೆಯ ತೆರಿಗೆ ವಿನಾಯಿತಿ ಸಿಗುವುದಿಲ್ಲ. ನೋಂದಾಯಿತ ಸಂಸ್ಥೆಯಾದರೆ ದೇಣಿಗೆಯ ವಿವರವನ್ನು ಆದಾಯ ತೆರಿಗೆ ಇಲಾಖೆಗೆ ಸಲ್ಲಿಸಿ ನಿಮಗೆ ಪ್ರಮಾಣಪತ್ರ ಕೊಡಬೇಕು. ಹೊರದೇಶದಲ್ಲಿರುವ ನಿಮ್ಮ ಮಕ್ಕಳಿಗೆ ಇನ್ನೊಂದು ವಿಷಯ ತಿಳಿಸಿ. ಬೇರೆ ದೇಶದ ಪೌರತ್ವ ಪಡೆದವರು ಇಲ್ಲಿನ ಸೇವಾ ಸಂಸ್ಥೆಗೆ ಹಣ ಕಳುಹಿಸಿದರೆ, ಆ ಸಂಸ್ಥೆಗೆ ವಿದೇಶಿ ದೇಣಿಗೆ ನಿಯಂತ್ರಣ ಕಾಯ್ದೆಯ (ಎಫ್‌ಸಿಆರ್‌ಎ) ಅನುಮತಿ ಇರಬೇಕು, ಹಣ ಮೊದಲು ಬರಬೇಕಾದದ್ದು ನವದೆಹಲಿಯ ಎಸ್‌ಬಿಐ ಮುಖ್ಯ ಶಾಖೆಯ ಖಾತೆಗೆ. ಊರಿನ ಶಾಖೆಯ ಖಾತೆ ಸಂಖ್ಯೆ ಕೊಟ್ಟು ‘ಡಾಲರ್ ಕಳಿಸಿ’ ಎನ್ನುವ ಸಂಸ್ಥೆ ಒಂದೋ ಕಾನೂನು ಅರಿಯದ್ದು, ಇಲ್ಲವೇ ಅರಿತೂ ಮುರಿಯುವಂಥದ್ದು. ವಿದೇಶದಲ್ಲಿ ಕನ್ನಡಿಗರೊಬ್ಬರು ತೀರಿಕೊಂಡಾಗ ಪಾರ್ಥಿವ ಶರೀರ ತರಿಸಲು ಹಣ ಕೂಡಿಸುವ ಮನವಿಗಳೂ ಬರುತ್ತವೆ. ಅರ್ಹ ಪ್ರಕರಣಗಳಲ್ಲಿ ನೆರವಾಗಲು ಭಾರತೀಯ ರಾಯಭಾರ ಕಚೇರಿಗಳಲ್ಲಿ ಸಮುದಾಯ ಕಲ್ಯಾಣ ನಿಧಿ ಇದೆ. ಕುಟುಂಬದವರು ಅಲ್ಲಿ ವಿಚಾರಿಸಿದ್ದಾರೆಯೇ ಎಂದು ಸ್ಥಳೀಯ ಕನ್ನಡ ಸಂಘದವರನ್ನು ಕೇಳಿದರೆ ಬಹುಪಾಲು ನಿಜ ಅಲ್ಲೇ ಹೊರಬೀಳುತ್ತದೆ.

ಹೊಸ ಕಂಪನಿಯಲ್ಲಿ ಪಾಲು ಕೊಡುತ್ತೇವೆ, ಜನರಿಂದ ಬಂಡವಾಳ ಎತ್ತುತ್ತಿದ್ದೇವೆ ಎನ್ನುವ ಸಂದೇಶಗಳ ಬಗ್ಗೆ ಹೆಚ್ಚು ಹೇಳುವುದಿಲ್ಲ. ಆನ್‌ಲೈನಿನಲ್ಲಿ ಹೀಗೆ ಷೇರು ಮಾರುವ ಅನಧಿಕೃತ ವೇದಿಕೆಗಳಿಗೆ ಮಾನ್ಯತೆಯಿಲ್ಲವೆಂದು ಷೇರು ಮಾರುಕಟ್ಟೆಯ ನಿಯಂತ್ರಕ ಸೆಬಿ 2016ರಲ್ಲೇ ಎಚ್ಚರಿಸಿದೆ. ಅಷ್ಟು ಸಾಕು.

ಹಣ ಹೋಗಿಯೇಬಿಟ್ಟರೆ? ತಡಮಾಡದೆ 1930ಕ್ಕೆ ಕರೆ ಮಾಡಿ. ರಾಷ್ಟ್ರೀಯ ಸೈಬರ್ ಅಪರಾಧ ದೂರು ಜಾಲತಾಣದಲ್ಲೂ ದಾಖಲಿಸಬಹುದು, ಸೈಬರ್ ಅಪರಾಧಗಳನ್ನು ನೋಡಿಕೊಳ್ಳುವ ಜಿಲ್ಲೆಯ ಸೆನ್ ಪೊಲೀಸ್ ಠಾಣೆಗೂ ಹೋಗಬಹುದು. ಹಣ ಮೊದಲ ಖಾತೆಯಿಂದ ಎರಡನೆಯದಕ್ಕೆ, ಅಲ್ಲಿಂದ ಮೂರನೆಯದಕ್ಕೆ ಹಾರುವ ಮುನ್ನ ತಡೆಹಿಡಿಸುವುದೇ ಗುರಿ. ಯುಪಿಐ ವ್ಯವಹಾರದ 12 ಅಂಕಿಗಳ ಸಂಖ್ಯೆ, ಸಮಯ, ಮೊತ್ತ ಕೈಯಲ್ಲಿರಲಿ. ನಾಚಿಕೆಯಿಂದ ಚಾಟ್ ಅಳಿಸಿಹಾಕುವವರು ಬಹಳ ಜನ. ಅಳಿಸಬೇಡಿ, ಸಾಕ್ಷ್ಯ ಅದೇ. ಬ್ಯಾಂಕ್ ತುಂಬಿಕೊಡುತ್ತದೆಂಬ ನಿರೀಕ್ಷೆಯೂ ಬೇಡ. ರಿಸರ್ವ್ ಬ್ಯಾಂಕಿನ 2017ರ ಸುತ್ತೋಲೆ ಗ್ರಾಹಕರಿಗೆ ರಕ್ಷಣೆ ಕೊಟ್ಟದ್ದು ಅನಧಿಕೃತ, ಅಂದರೆ ನಮ್ಮ ಒಪ್ಪಿಗೆಯಿಲ್ಲದೆ ನಡೆದ ವ್ಯವಹಾರಗಳಿಗೆ. ಇಲ್ಲಿ ಪಿನ್ ಒತ್ತಿದವರು ನಾವೇ.

ದೂರು ಕೊಟ್ಟ ಕೆಲವು ದಿನಗಳಲ್ಲಿ ಇನ್ನೊಂದು ಕರೆ ಬರಬಹುದು. ಸೈಬರ್ ಠಾಣೆಯಿಂದ ಎಂದೋ, ವಕೀಲರೆಂದೋ ಹೇಳಿಕೊಂಡು, ನಿಮ್ಮ ಹಣ ಸಿಕ್ಕಿದೆ, ಬಿಡುಗಡೆಗೆ ಸಣ್ಣ ಶುಲ್ಕ ಕಟ್ಟಿ ಎನ್ನುತ್ತಾರೆ. ಒಮ್ಮೆ ಮೋಸ ಹೋದವರ ಪಟ್ಟಿ ಅವರಿಗೆ ಚಿನ್ನದ ಗಣಿ. ಶುಲ್ಕ ಕಟ್ಟಬೇಡಿ, ಆ ಫೋನ್ ಸಂಖ್ಯೆಯನ್ನೂ ಅದೇ ದೂರಿಗೆ ಸೇರಿಸಿ.

ಇನ್ನು ನಿಮ್ಮ ಪ್ರಶ್ನೆಗಳನ್ನು ಕೇಳಬಹುದು. ಮೊಬೈಲಿನಲ್ಲಿ ಇಂಥ ಸಂದೇಶ ಇಟ್ಟುಕೊಂಡು ಬಂದವರಿದ್ದರೆ ಮುಂದೆ ಬನ್ನಿ, ಒಟ್ಟಿಗೇ ಓದಿ ನೋಡೋಣ.