ಮಗ್‌ವಂಪ್: ಬೇಲಿ ಮೇಲೆ ಕೂತವರಲ್ಲ, ಹಾರಿದವರು

ನಮಸ್ಕಾರ. 2017ರ ಏಪ್ರಿಲ್, ಬ್ರಿಟನ್ನಿನಲ್ಲಿ ಚುನಾವಣೆಯ ಕಾವು. ವಿದೇಶಾಂಗ ಸಚಿವರಾಗಿದ್ದ ಬೋರಿಸ್ ಜಾನ್ಸನ್ ಎದುರಾಳಿ ಜೆರೆಮಿ ಕಾರ್ಬಿನ್ ಅವರನ್ನು ಪತ್ರಿಕೆಯೊಂದರಲ್ಲಿ 'ಮಗ್‌ವಂಪ್' ಅಂತ ಬೈದರು. ಹಾಗಂದ್ರೇನಪ್ಪಾ ಅಂತ ಜನ ನಿಘಂಟು ಹುಡುಕಿದರು. ತಮಾಷೆ ನೋಡಿ, ಆ ಪದ ಬೈಗುಳವಾದದ್ದೇ ಪಕ್ಷದ ಮಾತು ಕೇಳದವರಿಗೆ. ಕಾರ್ಬಿನ್ ಆಗ ಒಂದು ಪಕ್ಷದ ನಾಯಕರೇ!

ಪದ ಮೂಲತಃ ಇಂಗ್ಲಿಷಿನದಲ್ಲ. ಅಮೆರಿಕದ ಮ್ಯಾಸಚೂಸೆಟ್ಸ್ ಕಡೆಯ ಮೂಲನಿವಾಸಿಗಳ ಮಾತು. ಅರ್ಥ ದಂಡನಾಯಕ, ದೊಡ್ಡ ಯಜಮಾನ. ಜಾನ್ ಎಲಿಯಟ್ ಎಂಬ ಪಾದ್ರಿ 1663ರಲ್ಲಿ ಆ ಭಾಷೆಯಲ್ಲಿ ಇಡೀ ಬೈಬಲ್ ಅಚ್ಚು ಹಾಕಿಸಿದರು. ಇಂಗ್ಲಿಷಿನಲ್ಲಿ 'ಡ್ಯೂಕ್' ಅಂತಿದ್ದ ಕಡೆ ಅವರು ಬಳಸಿದ್ದು ಇದೇ ಪದವನ್ನು.

ಗೌರವದ ಪದ ಬೈಗುಳ ಆಗೋದು ಹೇಗೆ? ನಮಗೇನು ಹೊಸದಲ್ಲ ಬಿಡಿ. ತಡವಾಗಿ ಬಂದವನಿಗೆ 'ಬಂದ್ರಪ್ಪಾ ದೊರೆಗಳು' ಅಂತೀವಲ್ಲ, ಅದೇ ಧಾಟಿ.

1884ರ ಅಮೆರಿಕದ ಅಧ್ಯಕ್ಷ ಚುನಾವಣೆ. ರಿಪಬ್ಲಿಕನ್ ಪಕ್ಷ ಜೇಮ್ಸ್ ಬ್ಲೇನ್ ಅವರನ್ನು ನಿಲ್ಲಿಸಿತು. ರೈಲ್ವೆ ವ್ಯವಹಾರದಲ್ಲಿ ಕೈ ಹೊಲಸು ಮಾಡಿಕೊಂಡ ಆರೋಪ ಅವರ ಮೇಲಿತ್ತು. ಅವರದೇ ಒಂದು ಪತ್ರ ಹೊರಬಿತ್ತು. ಅದರಲ್ಲಿ 'ದಯವಿಟ್ಟು ಈ ಪತ್ರ ಸುಟ್ಟುಬಿಡಿ' ಅಂತ ಬರೆದಿತ್ತು. ಸುಡಬೇಕಾದವರು ಸುಟ್ಟಿರಲಿಲ್ಲ!

ಆಗ ಒಂದಷ್ಟು ರಿಪಬ್ಲಿಕನ್ನರು, ರಾಜಕಾರಣಿ ಕಾರ್ಲ್ ಶುರ್ಜ್, ಸಾಹಿತಿ ಮಾರ್ಕ್ ಟ್ವೈನ್ ತರಹದವರು, 'ಈ ಸಲ ಆಗಲ್ಲ' ಅಂದರು. ಡೆಮಾಕ್ರಾಟ್ ಗ್ರೋವರ್ ಕ್ಲೀವ್‌ಲೆಂಡ್ ಪರ ಬಹಿರಂಗವಾಗಿ ನಿಂತರು. ನ್ಯೂಯಾರ್ಕಿನ 'ಸನ್' ಪತ್ರಿಕೆ ಅವರಿಗೆ 'ಮಗ್‌ವಂಪ್' ಅಂತ ಹೆಸರಿಟ್ಟಿತು. ದೊಡ್ಡ ಮನುಷ್ಯರು ಬಂದ್ರು ನೋಡಿ, ಅಂತ. ಫಲಿತಾಂಶ ನಿಂತದ್ದು ನ್ಯೂಯಾರ್ಕ್ ರಾಜ್ಯದ ಮೇಲೆ. ಅಲ್ಲಿ 11 ಲಕ್ಷಕ್ಕೂ ಜಾಸ್ತಿ ಮತ ಬಿದ್ದಿತ್ತು, ಅಂತರ ಬರೀ ಸಾವಿರದ ಚಿಲ್ಲರೆ. 28 ವರ್ಷಗಳ ನಂತರ ಡೆಮಾಕ್ರಾಟ್ ಒಬ್ಬರು ಅಧ್ಯಕ್ಷ ಚುನಾವಣೆ ಗೆದ್ದರು.

ಆಮೇಲೆ ಯಾರೋ ಒಂದು ಜೋಕು ಕಟ್ಟಿದರು. 'ಮಗ್', ಅಂದ್ರೆ ಮುಸುಡಿ, ಬೇಲಿಯ ಈಚೆ. 'ವಂಪ್', ಅಂದ್ರೆ ಅಂಡು, ಆಚೆ. ಜೋಕು ಗೆದ್ದಿತು, ಅರ್ಥ ಕೆಟ್ಟಿತು. ಬೇಲಿ ಮೇಲಿನ ಓತಿಕ್ಯಾತ ಅನ್ನೋ ಹಾಗಾಯ್ತು. ನನ್ನ ತಕರಾರು ಇಲ್ಲೇ. ಇವರು ಬೇಲಿ ಮೇಲೆ ಕೂತವರೇ ಅಲ್ಲ, ಎಲ್ಲರೂ ನೋಡುವಾಗಲೇ ಹಾರಿದವರು. ನಮ್ಮಲ್ಲೂ ಪಕ್ಷೇತರ, ಪಕ್ಷಾಂತರ ಎರಡೂ ಕಿವಿಗೆ ಒಂದೇ ಥರ ಕೇಳುತ್ತವೆ. ಆದರೆ ಕುರ್ಚಿ ಸಿಕ್ಕಿತು ಅಂತ ಪಕ್ಷ ಬಿಡೋದೇ ಬೇರೆ, ಅಭ್ಯರ್ಥಿ ಸರಿಯಿಲ್ಲ ಅಂತ ಮತ ಬದಲಿಸೋದೇ ಬೇರೆ ಅಲ್ವಾ?

ಹಾಗಂತ ಇವರನ್ನು ತೀರಾ ಹೊಗಳೋದೂ ಬೇಡ. ಬಹುಪಾಲು ಓದಿದವರು, ಉಳ್ಳವರು. 'ನಾವೇ ಸಾಚಾ' ಅನ್ನೋ ಠೀವಿ ಇತ್ತು. ಬೈಗುಳ ಸುಮ್ನೆ ಅಂಟಿಕೊಳ್ಳಲಿಲ್ಲ.

ಅಂದಹಾಗೆ, ಬ್ಲೇನ್ ಬೇಡ ಅಂತಿದ್ದ ಒಬ್ಬ ಯುವ ರಿಪಬ್ಲಿಕನ್ ಕೊನೆಗೆ ಪಕ್ಷದ ಜತೆಗೇ ಉಳಿದ. ಹೆಸರು ಥಿಯೋಡರ್ ರೂಸ್‌ವೆಲ್ಟ್, ಮುಂದೆ ಅಮೆರಿಕದ ಅಧ್ಯಕ್ಷರಾದವರು. 1912ರಲ್ಲಿ ಅದೇ ರೂಸ್‌ವೆಲ್ಟ್ ಪಕ್ಷ ಬಿಟ್ಟು, ಬೇರೆ ಪಕ್ಷ ಕಟ್ಟಿ, ಸ್ಪರ್ಧೆಗಿಳಿದರು. ಆ ಸಲವೂ ಗೆದ್ದದ್ದು ಡೆಮಾಕ್ರಾಟೇ.